ಗೇರು ಬದಲಾವಣೆಯ ಮರ್ಮ

ಕಾರು ನಡೆಸಲು ಹೊಸದಾಗಿ ಕಲಿಯುವವರು ಗೇರು ಬದಲಾಯಿಸಿದಾಗಲೆಲ್ಲ ಗಾಡಿಯು ಮುಗ್ಗರಿಸಿದಂತೆ ಜಗ್ಗುವುದನ್ನು ನಾವೆಲ್ಲ ಕಂಡಿದ್ದೇವೆ. ನುರಿತ ಚಾಲಕನ ಕೈಯಲ್ಲಿ ಅದೇ ಗಾಡಿಯು ಗೇರು ಬದಲಾದುದೇ ತಿಳಿಯದಂತೆ ಸಾಗುತ್ತದೆ. ಇದನ್ನು ಬರಿಯ ಕೈಚಳಕವೆಂದು ಹಲವರು ಭಾವಿಸುವುದುಂಟು. ಆದರೆ ಇದರ ಮರ್ಮವಿರುವುದು ಭೌತವಿಜ್ಞಾನದ ಒಂದು ಸರಳ ತತ್ತ್ವದಲ್ಲಿ.

ಎಂಜಿನಿಗೂ ಗಾಲಿಗಳಿಗೂ ನಡುವೆ ಎರಡು ಮುಖ್ಯ ಅಂಗಗಳಿವೆ. ಮೊದಲನೆಯದು ಕ್ಲಚ್ಚು. ಎಂಜಿನಿನೊಡನೆ ತಿರುಗುವ ಫ್ಲೈವೀಲ್ ಎಂಬ ಭಾರವಾದ ಚಕ್ರಕ್ಕೆ ಒಂದು ತಟ್ಟೆಯು ಸ್ಪ್ರಿಂಗಿನ ಬಲದಿಂದ ಒತ್ತಿಕೊಂಡಿರುತ್ತದೆ. ಪೆಡಲನ್ನು ತುಳಿದರೆ ಈ ಸಂಬಂಧ ಕಡಿಯುತ್ತದೆ. ಎರಡನೆಯದು ಗೇರುಪೆಟ್ಟಿಗೆ. ಗಾಲಿಯು ಒಂದು ಸುತ್ತು ತಿರುಗುವಾಗ ಎಂಜಿನು ಎಷ್ಟು ಸುತ್ತು ತಿರುಗಬೇಕೆಂಬುದನ್ನು ಇದರ ಹಲ್ಲುಚಕ್ರಗಳು ಗೊತ್ತುಮಾಡುತ್ತವೆ.

ಒಂದು ಲೆಕ್ಕವನ್ನು ನೋಡೋಣ. ಗಾಲಿಯ ಸುತ್ತಳತೆ 1.8 ಮೀಟರು, ಗಾಡಿಯ ವೇಗ ಗಂಟೆಗೆ 40 ಕಿಲೋಮೀಟರು ಎಂದಿಟ್ಟುಕೊಳ್ಳೋಣ. ಆಗ ಗಾಲಿಯು ನಿಮಿಷಕ್ಕೆ ಸುಮಾರು 370 ಸುತ್ತು ತಿರುಗುತ್ತದೆ. ಗಾಲಿಯ ಒಂದು ಸುತ್ತಿಗೆ ಎಂಜಿನಿನ ಸುತ್ತುಗಳು ಎರಡನೆಯ ಗೇರಿನಲ್ಲಿ 8.4, ಮೂರನೆಯದರಲ್ಲಿ 5.6, ನಾಲ್ಕನೆಯದರಲ್ಲಿ 4 ಆಗಿದ್ದರೆ, ಎಂಜಿನು ನಿಮಿಷಕ್ಕೆ ಕ್ರಮವಾಗಿ ಸುಮಾರು 3,110, 2,070 ಮತ್ತು 1,480 ಸುತ್ತು ತಿರುಗಬೇಕಾಗುತ್ತದೆ. ಮೂರರಿಂದ ನಾಲ್ಕಕ್ಕೆ ಏರುವಾಗ ಎಂಜಿನು ಸುಮಾರು 590 ಸುತ್ತುಗಳನ್ನು ಕಳೆದುಕೊಳ್ಳಬೇಕು. ಆಕ್ಸಿಲರೇಟರಿನಿಂದ ಕಾಲೆತ್ತಿ ಕ್ಷಣಕಾಲ ಕಾದರೆ ಅದು ತಾನಾಗಿಯೇ ಕಳೆದುಕೊಳ್ಳುತ್ತದೆ. ಮೂರರಿಂದ ಎರಡಕ್ಕೆ ಇಳಿಯುವಾಗಲಾದರೋ ಅದು ಸುಮಾರು 1,040 ಸುತ್ತುಗಳನ್ನು ಗಳಿಸಬೇಕು. ಇದು ತಾನಾಗಿ ಆಗದು.

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೋಮೆಶ್ ಎಂಬ ಏರ್ಪಾಡು ಬಂದಿತು. ಹಲ್ಲುಗಳು ಕೂಡುವ ಮೊದಲೇ ಶಂಕುವಿನಾಕಾರದ ಎರಡು ಮೈಗಳು ಒಂದನ್ನೊಂದು ಉಜ್ಜಿ, ಪೆಟ್ಟಿಗೆಯೊಳಗಿನ ವೇಗಗಳನ್ನು ಸಮಮಾಡುತ್ತವೆ. ಆದುದರಿಂದ ಹಲ್ಲುಗಳು ಕಿರುಗುಟ್ಟುವುದಿಲ್ಲ. ಆದರೆ ಕ್ಲಚ್ಚಿನಿಂದಾಚೆಗಿರುವ ಎಂಜಿನಿನ ಮೇಲೆ ಇದರ ಪ್ರಭಾವವಿಲ್ಲ. ಗೇರಿನ ಹಿಡಿ ಸಲೀಸಾಗಿ ಸೇರಿದರೂ ಗಾಡಿ ಜಗ್ಗುವುದು ಇದರಿಂದಲೇ.

ಹಾಗಾದರೆ ಕ್ಲಚ್ಚನ್ನು ನಿಧಾನವಾಗಿ ಬಿಟ್ಟರೆ ಸಾಲದೆ? ಜಗ್ಗಾಟವೇನೋ ಕಡಿಮೆಯಾಗುತ್ತದೆ, ಅದೇ ವೇಗಬದಲಾವಣೆಗೆ ಹೆಚ್ಚು ಕಾಲ ದೊರೆತರೆ ಬೇಕಾಗುವ ಬಲ ಕಡಿಮೆ. ಆದರೆ ತಟ್ಟೆಯ ಉಜ್ಜಾಟದಿಂದ ಹುಟ್ಟುವ ಶಾಖ ಕಡಿಮೆಯಾಗುವುದಿಲ್ಲ. ಎಂಜಿನಿನ ಸ್ವಂತ ಬಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಈ ಶಾಖವು ಎರಡು ವೇಗಗಳ ವ್ಯತ್ಯಾಸದ ವರ್ಗಕ್ಕೆ ನೇರ ಅನುಪಾತದಲ್ಲಿರುತ್ತದೆ, ಕಾಲಾವಧಿಯನ್ನು ಅವಲಂಬಿಸುವುದಿಲ್ಲ. ವ್ಯತ್ಯಾಸವನ್ನು ಅರ್ಧಮಾಡಿದರೆ ಶಾಖವು ಕಾಲುಭಾಗಕ್ಕೆ ಇಳಿಯುತ್ತದೆ. ತಟ್ಟೆ ಸವೆಯದಂತೆ ಉಳಿಸುವ ಮುಖ್ಯ ಉಪಾಯವೆಂದರೆ ವೇಗಗಳನ್ನು ಮೊದಲೇ ಸರಿಹೊಂದಿಸುವುದು.

ಮಳೆಗಾಲದಲ್ಲಿ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಘಾಟಿಯನ್ನು ಇಳಿಯುವಾಗ ಇದರ ಮಹತ್ವ ಇನ್ನೂ ಹೆಚ್ಚು. ಬ್ರೇಕುಗಳು ಅತಿಯಾಗಿ ಕಾಯದಂತೆ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಎಂಜಿನು ಮಂದವಾಗಿರುವಾಗಲೇ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ, ಗಾಲಿಗಳೇ ಎಂಜಿನಿನ ವೇಗವನ್ನು ಏರಿಸಬೇಕಾಗುತ್ತದೆ. ಒದ್ದೆ ರಸ್ತೆಯ ಘರ್ಷಣೆ ಅದಕ್ಕೆ ಸಾಲದೆ ಹೋದರೆ ಗಾಲಿಗಳು ಜಾರಿ, ಗಾಡಿಯು ಚಾಲಕನ ಅಂಕೆಯನ್ನು ಮೀರಬಹುದು.

ಆದುದರಿಂದ ಇಳಿಜಾರು ಕಡಿದಾಗುವ ಮೊದಲೇ ಬ್ರೇಕಿನಿಂದ ವೇಗವನ್ನು ತಗ್ಗಿಸಬೇಕು. ಅನಂತರ ಕ್ಲಚ್ಚನ್ನು ತುಳಿದು, ಎರಡನೆಯ ಗೇರಿಗೆ ತಂದು, ಬಲಗಾಲಿನಿಂದ ಆಕ್ಸಿಲರೇಟರನ್ನು ಮೆಲ್ಲನೆ ಒತ್ತಬೇಕು. ಎಂಜಿನಿನ ದನಿ ಏರುವುದನ್ನು ಕಿವಿಗೊಟ್ಟು ಕೇಳಿ, ಆಮೇಲೆ ಕ್ಲಚ್ಚನ್ನು ಬಿಡಬೇಕು. ಘಾಟಿಗೆ ಹೋಗುವ ಮೊದಲು ಇದನ್ನು ಸಮತಟ್ಟಾದ, ಜನಸಂಚಾರವಿಲ್ಲದ ಎಡೆಯಲ್ಲಿ, ತಿಳಿದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಭ್ಯಾಸಮಾಡುವುದು ಒಳ್ಳೆಯದು. ಯಾವ ಗೇರಿಗೆ ಎಂಜಿನಿನ ಯಾವ ದನಿ ಒಪ್ಪುವುದೆಂಬುದು ಕೆಲವು ದಿನಗಳಲ್ಲಿಯೇ ಕಿವಿಗೆ ರೂಢಿಯಾಗುತ್ತದೆ.