ಅಳಿಯುವ ಗುರುತು

ಮುಂಗಾರು ಮಳೆ ಬಿದ್ದೊಡನೆ ತೋವಿನಕೆರೆಯ ಹೊಲಗಳಲ್ಲಿ ಬಿತ್ತಿದ ರಾಗಿ ಮೊಳೆಯುತ್ತದೆ. ಬೇರಿನ ತುದಿಯಲ್ಲಿ ಒಂದು ಜೀವಕೋಶ ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಆ ಹೊಲವನ್ನು ಉಳುವ ರೈತನ ದೇಹದಲ್ಲಿಯೂ ಇದೇ ಕಾರ್ಯ ಸಾಗಿರುತ್ತದೆ. ಕೋಶವು ಇಬ್ಭಾಗವಾಗುವ ಮುನ್ನ ತನ್ನ ಡಿ.ಎನ್.ಎ.ಯನ್ನು ನಕಲು ಮಾಡಿಕೊಳ್ಳಬೇಕು.

ಮಾನವನ ಒಂದು ಕೋಶದಲ್ಲಿರುವ ಡಿ.ಎನ್.ಎ.ಯ ಒಟ್ಟು ಉದ್ದ ಸುಮಾರು 2 ಮೀಟರು. ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ನೂಲಿನಂತೆ ಸುತ್ತಿಕೊಂಡಿದೆ. ಇವುಗಳನ್ನು 1884ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಕಂಡುಹಿಡಿದರು. ನಮ್ಮ ನಾಡಿನಲ್ಲಿ ಎಂ.ಆರ್.ಎಸ್. ರಾವ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇವುಗಳ ಅಧ್ಯಯನ ನಡೆಸಿದರು.

ನಕಲಿನ ಕಾರ್ಯ ಸದಾ ಸುಗಮವಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಎಳೆ ಕೆಟ್ಟಿರಬಹುದು. ಬೇಕಾದ ಸಾಮಗ್ರಿ ಸಾಲದಿರಬಹುದು. ಆಗ ನಕಲು ನಡುವೆಯೇ ನಿಲ್ಲುತ್ತದೆ. ನಿಂತಲ್ಲಿ ಎಳೆ ತುಂಡಾದರೆ ಕೋಶ ಸಾಯಬಹುದು, ಇಲ್ಲವೆ ಕ್ಯಾನ್ಸರಿಗೆ ದಾರಿಯಾಗಬಹುದು.

ಇಂಥ ಸಂಕಟದಲ್ಲಿ ಹಿಸ್ಟೋನುಗಳೇ ನೆರವಾಗುತ್ತವೆ. ಎ.ಟಿ.ಆರ್. ಎಂಬ ಕಿಣ್ವವು ಸಮೀಪದ ಒಂದು ಬಗೆಯ ಹಿಸ್ಟೋನಿಗೆ ಫಾಸ್ಫೇಟನ್ನು ಅಂಟಿಸುತ್ತದೆ. ಆ ಗುರುತಿನ ಬಳಿ ದುರಸ್ತಿಯ ಪ್ರೋಟೀನುಗಳು ನೆರೆಯುತ್ತವೆ. ಗುರುತಿಲ್ಲದಿರುವುದೂ ಒಂದು ಗುರುತೇ. ಹಳೆಯ ಹಿಸ್ಟೋನಿನ ಒಂದು ನಿಯತ ಸ್ಥಾನದಲ್ಲಿ ಮೀಥೈಲ್ ಗುಂಪು ಇರುತ್ತದೆ. ಹೊಸತರಲ್ಲಿ ಕೆಲಕಾಲ ಆ ಸ್ಥಾನ ಬರಿದಾಗಿರುತ್ತದೆ. ಈಗತಾನೇ ನಕಲಾದ ಭಾಗವನ್ನು ದುರಸ್ತಿಯ ಪ್ರೋಟೀನುಗಳು ಇದರಿಂದಲೇ ಅರಿಯುತ್ತವೆಂಬುದು 2016ರಲ್ಲಿ ತಿಳಿದುಬಂದಿತು.

ದುರಸ್ತಿ ಮುಗಿದ ಮೇಲೆ ಫಾಸ್ಫೇಟಿನ ಗುರುತು ಅಳಿಯುತ್ತದೆ, ನಕಲು ಮುಂದುವರಿಯುತ್ತದೆ. ಅವಸರದಿಂದ ಬೆಳೆಯುವ ಕ್ಯಾನ್ಸರ್ ಕೋಶಗಳೂ ಎ.ಟಿ.ಆರ್.ನ ಆಸರೆಯಲ್ಲಿಯೇ ಬದುಕುತ್ತವೆ. ಆದುದರಿಂದ ಅದನ್ನು ತಡೆಯುವ ಔಷಧಗಳನ್ನು ವೈದ್ಯವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಕೋಶದ ರಕ್ಷಣೆಯ ಗುಟ್ಟನ್ನು ಅರಿತವರಿಗೆ ರೋಗದ ದೌರ್ಬಲ್ಯವೂ ಗೋಚರಿಸುತ್ತದೆ.