ಚದುರಂಗದ ನೆನಪಿನ ಭಂಡಾರ

ಆಟಗಳಲ್ಲಿ ಬಹುಪಾಲು ಆಡಿ ಮುಗಿದೊಡನೆ ಅಳಿದುಹೋಗುವಂಥವು. ಕುಸ್ತಿಯ ಒಂದು ಪಟ್ಟನ್ನು ಎಷ್ಟು ಸೊಗಸಾಗಿ ವರ್ಣಿಸಿದರೂ ಅದು ಇದ್ದಂತೆಯೇ ಮತ್ತೆ ಕಣ್ಣ ಮುಂದೆ ನಿಲ್ಲುವುದಿಲ್ಲ. ಚದುರಂಗದ ಮಾತು ಬೇರೆ. ಹಾಸಿನ 64 ಮನೆಗಳಿಗೂ ಒಂದೊಂದು ಹೆಸರುಂಟು. ಯಾವ ಕಾಯಿ ಯಾವ ಮನೆಗೆ ಹೋಯಿತೆಂದು ಬರೆದಿಟ್ಟರೆ, ನೂರು ವರ್ಷಗಳ ಹಿಂದಿನ ಆಟವನ್ನೂ ನಾವು ಒಂದು ನಡೆಯೂ ತಪ್ಪದಂತೆ ಪುನಃ ಆಡಿ ನೋಡಬಹುದು. ಈ ವಿದ್ಯೆಯು ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದುದು ಮುಖ್ಯವಾಗಿ ಈ ಗುಣದಿಂದಲೇ.

ಹಿಂದಿನ ಆಟಗಾರರು ಇಂಥ ದಾಖಲೆಗಳನ್ನು ಪುಸ್ತಕಗಳಿಂದಲೂ ಚೀಟಿಗಳಿಂದಲೂ ಶ್ರಮಪಟ್ಟು ಕೂಡಿಹಾಕುತ್ತಿದ್ದರು. 1966ರಲ್ಲಿ ಯುಗೊಸ್ಲಾವಿಯಾದ ಬೆಲ್‌ಗ್ರೇಡ್ ನಗರದಿಂದ ಹೊರಡತೊಡಗಿದ ‘ಚೆಸ್ ಇನ್‌ಫಾರ್ಮೆಂಟ್’ ಎಂಬ ಸಂಪುಟಗಳು ಪ್ರಪಂಚದ ಮುಖ್ಯ ಆಟಗಳನ್ನು ಒಂದೆಡೆ ಒದಗಿಸಿದುವು. ಅದರ ಪ್ರಕಾಶಕರೇ ಆಟದ ಪ್ರಾರಂಭಗಳನ್ನೆಲ್ಲ 500 ವರ್ಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಗುರುತನ್ನು ಕೊಟ್ಟರು. ಆದರೂ ಬೇಕಾದ ಆಟವನ್ನು ಹುಡುಕಲು ಹಾಳೆ ಮಗುಚುವ ಕೆಲಸ ತಪ್ಪಿರಲಿಲ್ಲ. ಅದನ್ನು ತಪ್ಪಿಸಿದುದು ಗಣಕಯಂತ್ರ. 1987ರಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ‘ಚೆಸ್‌ಬೇಸ್’ ಎಂಬ ತಂತ್ರಾಂಶವು ಹೊರಬಂದಿತು. ಗ್ಯಾರಿ ಕ್ಯಾಸ್ಪರೋವ್ 1985ರಲ್ಲಿ ಹ್ಯಾಂಬರ್ಗಿನ ಎಂಟು ಮಂದಿ ಪ್ರಬಲ ಆಟಗಾರರೊಡನೆ ಏಕಕಾಲದಲ್ಲಿ ಆಡಿ, ಮೂರೂವರೆ ಅಂಕಗಳಿಗೆ ಎದುರಾಗಿ ನಾಲ್ಕೂವರೆ ಅಂಕಗಳಿಂದ ಸೋತಿದ್ದರು. 1987ರಲ್ಲಿ ಮತ್ತೆ ಅಲ್ಲಿಗೆ ಹೋದಾಗ ಈ ತಂತ್ರಾಂಶದ ನೆರವಿನಿಂದ ಎದುರಾಳಿಗಳ ಹಳೆಯ ಆಟಗಳನ್ನು ಅಭ್ಯಾಸ ಮಾಡಿಕೊಂಡು ಕುಳಿತರು. ಏಳು ಅಂಕಗಳಿಗೆ ಒಂದರಂತೆ ಗೆದ್ದರು.

ಇಂಥ ಭಂಡಾರದಲ್ಲಿ ಒಂದು ಸ್ಥಿತಿಯನ್ನು ಹುಡುಕುವುದು ಹೇಗೆ? ಇದು ತೋರುವಷ್ಟು ಸುಲಭವಲ್ಲ. ಇಬ್ಬರೂ ಎರಡೆರಡು ನಡೆ ನಡೆಸುವಷ್ಟರಲ್ಲಿಯೇ ಆಟವು 1,97,281 ಬಗೆಯಾಗಿ ಕವಲೊಡೆಯಬಲ್ಲುದು. ಅಲ್ಲದೆ, ಒಂದೇ ಸ್ಥಿತಿಗೆ ಬೇರೆ ಬೇರೆ ದಾರಿಗಳಿಂದ ಬಂದು ಸೇರಬಹುದು. ಬಿಳಿಯವನು ಮಂತ್ರಿಯ ಮುಂದಿನ ಕಾಲಾಳನ್ನು ಮೊದಲು ನಡೆಸಿ ಅದರ ಪಕ್ಕದ ಕಾಲಾಳನ್ನು ಆಮೇಲೆ ನಡೆಸಲಿ, ಅಥವಾ ಕ್ರಮವನ್ನು ಹಿಂದುಮುಂದು ಮಾಡಲಿ, ಕೊನೆಗೆ ಹಾಸಿನ ಮೇಲೆ ಕಾಣುವ ಚಿತ್ರ ಒಂದೇ. ನಡೆಗಳ ಪಟ್ಟಿಯನ್ನಷ್ಟೇ ಹೋಲಿಸುವ ಯಂತ್ರಕ್ಕೆ ಇವೆರಡೂ ಬೇರೆ ಆಟಗಳಾಗಿಯೇ ತೋರುವುವು.

ಇದಕ್ಕೆ 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ಎಂಬ ಅಮೆರಿಕದ ಗಣಕವಿಜ್ಞಾನಿ ಒಂದು ಜಾಣ ಉಪಾಯವನ್ನು ಸೂಚಿಸಿದರು. 64 ದೀಪಗಳ ಒಂದು ಸಾಲನ್ನು ಕಲ್ಪಿಸಿಕೊಳ್ಳೋಣ. ಪ್ರತಿ ದೀಪಕ್ಕೂ ಒಂದು ಗುಂಡಿ. ಗುಂಡಿಯನ್ನೊತ್ತಿದರೆ ಆರಿದ ದೀಪ ಹೊತ್ತುವುದು, ಹೊತ್ತಿದ್ದು ಆರುವುದು. ಎರಡು ಬಣ್ಣಗಳಿಂದ ಒಟ್ಟು ಹನ್ನೆರಡು ಬಗೆಯ ಕಾಯಿಗಳು, 64 ಮನೆಗಳು. ಹೀಗೆ 768 ಜೋಡಿಗಳಾಗುವುವು. ಒಂದೊಂದು ಜೋಡಿಗೂ ಯಾವ ಯಾವ ಗುಂಡಿಗಳನ್ನು ಒತ್ತಬೇಕೆಂಬುದನ್ನು ಚೀಟಿ ಎತ್ತಿದಂತೆ ಮೊದಲೇ ನಿಗದಿಮಾಡಿಡುತ್ತಾರೆ. ಬಿಳಿಯ ಕುದುರೆ ಒಂದು ಮನೆಗೆ ಬಂದರೆ ಆ ಜೋಡಿಯ ಗುಂಡಿಗಳನ್ನು ಒತ್ತಬೇಕು; ಮನೆ ಬಿಟ್ಟು ಹೋದರೆ ಅವೇ ಗುಂಡಿಗಳನ್ನು ಮತ್ತೊಮ್ಮೆ ಒತ್ತಬೇಕು. ಎರಡು ಸಲ ಒತ್ತಿದ ದೀಪ ಮೊದಲಿನ ಸ್ಥಿತಿಗೇ ಮರಳುವುದರಿಂದ, ಹೋದ ಕಾಯಿಯ ಗುರುತು ತಾನಾಗಿ ಅಳಿಯುತ್ತದೆ. ಯಾವ ಗುಂಡಿಯನ್ನು ಮೊದಲು ಒತ್ತಿದೆವೆಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಆದ್ದರಿಂದ ಯಾವ ದಾರಿಯಿಂದ ಬಂದರೂ ಒಂದೇ ಸ್ಥಿತಿಗೆ ದೀಪಗಳ ಸಾಲು ಒಂದೇ ಬಗೆಯಾಗಿ ಬೆಳಗುತ್ತದೆ. ಈಗ ಯಾರ ಸರದಿ, ಯಾರಿಗೆ ಇನ್ನೂ ಕೋಟೆ ಕಟ್ಟುವ ಹಕ್ಕಿದೆ ಎಂಬುವಕ್ಕೂ ಬೇರೆ ಬೇರೆ ಗುಂಡಿಗಳುಂಟು. ಇಂಥ ಸಾಲು 18ರ ಮುಂದೆ 18 ಸೊನ್ನೆಗಳನ್ನಿಟ್ಟಷ್ಟು ಬಗೆಗಳಿಗಿಂತಲೂ ಹೆಚ್ಚಾಗಿ ಬೆಳಗಬಲ್ಲುದರಿಂದ, ಎರಡು ಸ್ಥಿತಿಗಳಿಗೆ ಒಂದೇ ಗುರುತು ಬೀಳುವುದು ಬಲು ಅಪರೂಪ. ಯಂತ್ರವು ದೀಪಗಳ ಬದಲು ಸೊನ್ನೆ ಮತ್ತು ಒಂದುಗಳನ್ನು ಬಳಸುತ್ತದೆ. ತತ್ತ್ವ ಮಾತ್ರ ಇದೇ.

ಹೀಗೆ ಸ್ಥಿತಿಯು ಸಿಕ್ಕೊಡನೆ ಅಲ್ಲಿಂದ ಯಾರು ಯಾವ ನಡೆಯನ್ನು ನಡೆಸಿದರು, ಎಷ್ಟು ಮಂದಿ ಗೆದ್ದರು ಎಂಬುದು ತೆರೆಯ ಮೇಲೆ ಮೂಡುತ್ತದೆ. ಇಂದು ಜಾಲದಲ್ಲಿ ಆಡುವವರಿಗೆ ಈ ಸೌಕರ್ಯವು ಅಂಗೈಯಲ್ಲಿಯೇ ಇದೆ. ಲಿಚೆಸ್ ಎಂಬ ತಾಣವು ತನ್ನಲ್ಲಿ ಶ್ರೇಯಾಂಕಕ್ಕಾಗಿ ನಡೆದ ನೂರಾರು ಕೋಟಿ ಆಟಗಳ ದಾಖಲೆಯನ್ನು ಯಾರು ಬೇಕಾದರೂ ಪಡೆಯುವಂತೆ ಉಚಿತವಾಗಿ ತೆರೆದಿಟ್ಟಿದೆ.

ಆದರೆ ಅಂಕಿ ಅಂಶಗಳನ್ನು ಓದುವುದಕ್ಕೆ ವಿವೇಕ ಬೇಕು. ಒಂದು ನಡೆಯನ್ನು ಹತ್ತು ಆಟಗಳಲ್ಲಿ ನಡೆಸಿ ಏಳರಲ್ಲಿ ಗೆದ್ದಿದ್ದಾರೆಂದು ತೆರೆ ತೋರಿಸಿತೆನ್ನೋಣ. ಅದು ಉತ್ತಮವಾದ ನಡೆಯೆ? ನಾಣ್ಯವನ್ನು ಹತ್ತು ಸಲ ಚಿಮ್ಮಿದರೂ ಏಳು ಅಥವಾ ಅದಕ್ಕೂ ಹೆಚ್ಚು ಸಲ ತಲೆಯೇ ಬೀಳುವ ಸಂಭವವು ಸುಮಾರು ಆರರಲ್ಲಿ ಒಂದು! ಗೆದ್ದವರು ಎದುರಾಳಿಗಳಿಗಿಂತ ಬಲಶಾಲಿಗಳಾಗಿದ್ದಿರಬಹುದು. ಸೋತವರು ನಲವತ್ತನೆಯ ನಡೆಯಲ್ಲಿ ಎಡವಿದ್ದರೆ ಅದಕ್ಕೆ ಐದನೆಯ ನಡೆ ಹೊಣೆಯಲ್ಲ. ಭಂಡಾರವು ನಡೆದುದನ್ನು ಹೇಳುತ್ತದೆ, ನಡೆಯಬೇಕಾದುದನ್ನು ಹೇಳುವುದಿಲ್ಲ.

ಇದಕ್ಕೆ ನಮ್ಮ ದೇಶದವರೇ ಆದ ವಿಶ್ವನಾಥನ್ ಆನಂದರ ಒಂದು ಸೋಲಿಗಿಂತ ಒಳ್ಳೆಯ ನಿದರ್ಶನ ಬೇಡ. 1987ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆಗಿದ್ದ ಅವರು ಮರುವರ್ಷ ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಕೊಲಂಬಿಯದ ಜಪಾಟಾ ಎಂಬುವರೊಡನೆ ಕಪ್ಪು ಕಾಯಿಗಳಿಂದ ಆಡಿದರು. ಐದನೆಯ ನಡೆಯಲ್ಲಿ ಒಂಟೆಯನ್ನು ಹೊರತಂದರು. 1987ರಲ್ಲಿ ಮೈಲ್ಸ್ ಮತ್ತು ಕ್ರಿಸ್ಟಿಯನ್‌ಸೆನ್ ಎಂಬ ಹೆಸರಾಂತ ಆಟಗಾರರಿಬ್ಬರ ನಡುವೆ ಇದೇ ನಡೆ ಬಿದ್ದಿತ್ತು. ಆ ಆಟವು ಸಮವಾಗಿ ಮುಗಿದು ಅಚ್ಚಾಗಿಯೂ ಇದ್ದಿತು. ಆದರೆ ಜಪಾಟಾ ಮಂತ್ರಿಯನ್ನು ತಮ್ಮ ರಾಜನ ಮುಂದಿನ ಮನೆಗೆ ತಂದರು. ಕಪ್ಪು ಕುದುರೆಯು ಸರಿದರೆ ಕಪ್ಪು ರಾಜನಿಗೇ ಶಹ. ನಿಂತರೆ ಅದರ ಮೇಲೆ ಏರಿಬರುವ ಕಾಲಾಳಿಗೆ ಬಲಿ. ಆನಂದರು ಆರನೆಯ ನಡೆಯಲ್ಲಿಯೇ ಸೋಲನ್ನೊಪ್ಪಿದರು. ಹಿಂದಿನ ಆಟದಲ್ಲಿ ಈ ಉತ್ತರವು ಹಾಸಿನ ಮೇಲೆ ಬಂದೇ ಇರಲಿಲ್ಲ. ಆದುದರಿಂದ ದಾಖಲೆಯಲ್ಲಿಯೂ ಅದು ಇರಲಿಲ್ಲ. ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಪ್ರತಿಭೆಗೂ ಮತ್ತೊಬ್ಬರ ದಾಖಲೆಯು ತನ್ನ ಕಣ್ಣಿಗೆ ಬದಲಾಗಲಿಲ್ಲವೆಂಬುದನ್ನು ಗಮನಿಸಬೇಕು.

ಭಂಡಾರವೇ ನಿರ್ಣಯವನ್ನೂ ಕೊಡುವ ಒಂದು ಎಡೆಯುಂಟು. ಅದು ಆಟದ ಕೊನೆ. ಹಾಸಿನ ಮೇಲೆ ರಾಜರಿಬ್ಬರೂ ಸೇರಿ ಏಳೇ ಕಾಯಿಗಳು ಉಳಿದಾಗ ಬರಬಹುದಾದ ಸ್ಥಿತಿಗಳನ್ನು ಕೊನೆಯಿಂದ ಹಿಮ್ಮುಖವಾಗಿ ಲೆಕ್ಕಹಾಕಿ ಕೋಷ್ಟಕ ಮಾಡಿದ್ದಾರೆ. ಮಾಸ್ಕೋ ವಿಶ್ವವಿದ್ಯಾಲಯದ ಮಹಾಗಣಕದಲ್ಲಿ ಈ ಕಾರ್ಯವು 2012ರಲ್ಲಿ ಕೈಗೂಡಿತು. ಅಲ್ಲಿ ಇರುವುದು ಅನುಭವವಲ್ಲ, ಗಣಿತದ ಸತ್ಯ. ಪ್ರಾರಂಭದ ಭಂಡಾರಕ್ಕೆ ಆ ಅಧಿಕಾರವಿಲ್ಲ.

ಇನ್ನು, ಇದನ್ನು ಯಾವಾಗ ತೆರೆಯಬೇಕು? ಗಡಿಯಾರವು ಓಡುತ್ತಿರುವ ಆಟದ ನಡುವೆ ಭಂಡಾರವನ್ನಾಗಲಿ, ನಡೆಗಳನ್ನು ಎಣಿಸಿಕೊಡುವ ಯಂತ್ರವನ್ನಾಗಲಿ ನೋಡುವುದು ಎಲ್ಲೆಡೆಯೂ ಮೋಸವೇ. ಒಂದೊಂದು ನಡೆಗೂ ದಿನಗಟ್ಟಲೆ ಅವಕಾಶವಿರುವ ಆಟಗಳಲ್ಲಿ ಲಿಚೆಸ್, ಚೆಸ್‌.ಕಾಂ ಮೊದಲಾದ ತಾಣಗಳು ಪ್ರಾರಂಭದ ಭಂಡಾರವನ್ನು ನೋಡಲು ಒಪ್ಪುತ್ತವೆ, ಎಣಿಸುವ ಯಂತ್ರವನ್ನು ಒಪ್ಪುವುದಿಲ್ಲ. ಹಿಂದಿನವರ ಆಟವನ್ನು ಓದುವುದು ಅಭ್ಯಾಸ, ಯಂತ್ರದಿಂದ ನಡೆಯನ್ನು ಹೇಳಿಸಿಕೊಳ್ಳುವುದು ಇನ್ನೊಬ್ಬರಿಂದ ಆಡಿಸಿದಂತೆ ಎಂಬುದು ಈ ಭೇದದ ತಿರುಳು. ಎದುರಿಗೆ ಮುಖ ಕಾಣದ ಆಟದಲ್ಲಿ ಈ ನಿಯಮವನ್ನು ಕಾಯುವ ಮೊದಲ ಕಾವಲುಗಾರ ಆಡುವವನ ಮನಸ್ಸೇ.

ಆಟ ಮುಗಿದ ಮೇಲೆ ಭಂಡಾರವು ಉತ್ತಮ ಗುರುವಾಗಬಲ್ಲುದು. ಮೊದಲು ನಾವು ಎಲ್ಲಿ ತಡವರಿಸಿದೆವು, ಏನನ್ನು ಯೋಚಿಸಿದೆವು ಎಂಬುದನ್ನು ಗುರುತುಮಾಡಿಕೊಳ್ಳಬೇಕು. ಬಳಿಕ ಭಂಡಾರವನ್ನು ತೆರೆದು, ಬಲ್ಲವರು ತುಳಿದ ದಾರಿಯನ್ನು ನಾವು ಎಷ್ಟನೆಯ ನಡೆಯಲ್ಲಿ ಬಿಟ್ಟೆವೆಂದು ನೋಡಬೇಕು. ಅವರು ನಡೆಸಿದ ನಡೆಗೆ ಕಾರಣವೇನೆಂದು ಹಾಸಿನ ಮುಂದೆ ಕುಳಿತು ನಾವೇ ಕಂಡುಕೊಳ್ಳಬೇಕು. ಕಾರಣ ಹೊಳೆಯದ ನಡೆಯನ್ನು ಕಂಠಪಾಠ ಮಾಡಿದರೆ, ಎದುರಾಳಿಯು ಪುಸ್ತಕದಲ್ಲಿಲ್ಲದ ಒಂದು ನಡೆಯನ್ನು ನಡೆಸಿದ ಕ್ಷಣದಲ್ಲಿಯೇ ಅದು ಕೈಬಿಡುತ್ತದೆ. ಅಂಥ ನಡೆ ಇಂದಲ್ಲ ನಾಳೆ ಬಂದೇ ಬರುತ್ತದೆ.