ಷರತ್ತಿನ ಮೇಲೆ ಪ್ರವೇಶ: ಬೆಂಗಳೂರಿನಲ್ಲಿ ಕಮಲಾ ಸೋಹೋನಿ

1933ರಲ್ಲಿ ಬಿ.ಎಸ್‌ಸಿ. ಮುಗಿಸಿದ ಮುಂಬೈನ ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೋಹೋನಿ ಎಂದು ಹೆಸರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಪ್ರವೇಶ ನಿರಾಕರಿಸಿದರು.

ಆಕೆ ಪಟ್ಟು ಬಿಡದಿದ್ದಾಗ, ಒಂದು ವರ್ಷ ಪ್ರಾಯೋಗಿಕವಾಗಿ ದುಡಿಯಬೇಕು, ಪುರುಷ ಸಂಶೋಧಕರ ಗಮನ ಕೆಡಿಸಬಾರದು ಎಂಬ ಷರತ್ತುಗಳೊಂದಿಗೆ ಸೇರಿಸಿಕೊಳ್ಳಲಾಯಿತು.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್‌ಗಳನ್ನು, ಅಂದರೆ ದೇಹದ ಬೆಳವಣಿಗೆಗೆ ಬೇಕಾದ ಪೋಷಕಾಂಶಗಳನ್ನು, ಕುರಿತು ಅವರು ನಡೆಸಿದ ಅಧ್ಯಯನದಿಂದ ತೃಪ್ತರಾದ ರಾಮನ್, ಅನಂತರ ಇತರ ಮಹಿಳೆಯರಿಗೂ ಪ್ರವೇಶ ನೀಡಿದರು.

1939ರಲ್ಲಿ, ಜೀವಕೋಶಗಳ ಉಸಿರಾಟಕ್ಕೆ ಅಗತ್ಯವಾದ ಸೈಟೋಕ್ರೋಮ್-ಸಿ ಸಸ್ಯಗಳಲ್ಲೂ ಇದೆಯೆಂದು ತೋರಿಸಿದ ಸಂಶೋಧನೆಗೆ ಕೇಂಬ್ರಿಜ್ ಅವರಿಗೆ ಡಾಕ್ಟರೇಟ್ ನೀಡಿತು; ಸ್ವಾತಂತ್ರ್ಯಾನಂತರ ಅವರು, ಹುಳಿಯುವ ಮೊದಲಿನ ತಾಳೆರಸವಾದ ನೀರಾದ ಪೌಷ್ಟಿಕತೆಯನ್ನು ಅಧ್ಯಯನ ಮಾಡಿದರು.

ರಾಮನ್ ಮಹಾವಿಜ್ಞಾನಿಯಾದರೂ ಸಂಕುಚಿತ ಮನಸ್ಸಿನವರೆಂದು ಇಳಿವಯಸ್ಸಿನಲ್ಲೂ ಬಹಿರಂಗವಾಗಿ ಹೇಳಿದ ಆಕೆ, ಪ್ರವೇಶ ಸಿಕ್ಕಿದ ಮಾತ್ರಕ್ಕೆ ಅವಮಾನ ಅಳಿಯದೆಂದು ಸ್ಪಷ್ಟಪಡಿಸಿದರು.